ಚಿಲ್ಲರೆ ಚೀಲದಲ್ಲಿ ಅಚ್ಚು ತಪ್ಪಿದ ನಾಣ್ಯ

ಮೇಜಿನ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಅದರ ಮೇಲೆ ನೂರು ನಾಣ್ಯ ಸುರಿದುಕೊಂಡರೆ, ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ ನಾಣ್ಯವನ್ನು ಚಿಲ್ಲರೆಯಲ್ಲಿ ಹುಡುಕುವ ಕೆಲಸ ಶುರುವಾದಂತೆ. ಬಟ್ಟೆಯ ಮೇಲೆ ನಾಣ್ಯ ಗೀಚುವುದಿಲ್ಲ, ಉರುಳಿಹೋಗುವುದಿಲ್ಲ, ಅಂಚಿನಲ್ಲಿ ಕೊರೆ ಇದ್ದರೆ ಬಿಳಿಯ ಎದುರು ಎದ್ದು ಕಾಣುತ್ತದೆ. ನೂರೇ ಏಕೆಂದರೆ, ಬ್ಯಾಂಕಿನಲ್ಲಿ ಒಂದು, ಎರಡು ರೂಪಾಯಿಯ ನಾಣ್ಯಗಳು ಹೆಚ್ಚಾಗಿ ನೂರರ ಪ್ಲಾಸ್ಟಿಕ್ ಪೊಟ್ಟಣದಲ್ಲೇ ಓಡಾಡುತ್ತವೆ. ಕಣ್ಣೂ ಒಂದು ಸಲಕ್ಕೆ ಅಷ್ಟೇ ತಡೆಯುತ್ತದೆ. ಮೊದಮೊದಲು ನೂರಕ್ಕೆ ಒಂದು ಗಂಟೆ ಹಿಡಿಯುತ್ತದೆ. ಕೈ ಪಳಗಿದ ಮೇಲೆ ಹದಿನೈದು ನಿಮಿಷ ಸಾಕು.

ಚಿಲ್ಲರೆ ಎಲ್ಲಿಂದ ಬಂತು ಎನ್ನುವುದನ್ನು ಮೊದಲೇ ತಿಳಿದುಕೊಳ್ಳಬೇಕು. ಬ್ಯಾಂಕಿನ ಹೊಸ ಪೊಟ್ಟಣದ ನಾಣ್ಯಕ್ಕೆ ಸವಕಳಿ ಇರುವುದಿಲ್ಲ, ಹಾಗಾಗಿ ಕಂಡದ್ದನ್ನು ನಂಬಬಹುದು. ಕಿರಾಣಿ ಅಂಗಡಿಯ ಗಲ್ಲಾದಿಂದ, ಬಸ್ ಕಂಡಕ್ಟರ ಚೀಲದಿಂದ ಬಂದದ್ದರಲ್ಲಿ ಬಗೆ ಹೆಚ್ಚು, ಪೆಟ್ಟೂ ಹೆಚ್ಚು. ದೇವಸ್ಥಾನದ ಹುಂಡಿ ಚಿಲ್ಲರೆಯಲ್ಲಿ ಕುಂಕುಮ, ಎಣ್ಣೆ, ಅರಿಶಿನ ಸೇರಿ ಅಕ್ಷರಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಅದನ್ನು ನೋಡಿ ‘ಅಕ್ಷರವೇ ಬಿದ್ದಿಲ್ಲ’ ಎಂದು ಹಿಗ್ಗುವವರು ಬಹಳ. ಅಂಥದ್ದನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ. ಹುಣಸೆಹಣ್ಣು, ಸಬೀನ, ಬೂದಿ ಯಾವುದೂ ಹತ್ತಿರ ಬರಬಾರದು. ಒಮ್ಮೆ ತಿಕ್ಕಿದ ನಾಣ್ಯದ ಮೇಲ್ಮೈ ಹೋಯಿತೆಂದರೆ ಹೋಯಿತು. ನಿಜವಾದ ದೋಷವಿದ್ದರೂ ಅದರ ಸಾಕ್ಷಿ ಅಳಿಸಿಹೋಗಿರುತ್ತದೆ.

ಉಪಕರಣಗಳು ಹೆಚ್ಚೇನೂ ಬೇಕಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗಿಡುವಂಥ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಆಯಸ್ಕಾಂತ, ಕತ್ತು ಬಗ್ಗುವ ಟೇಬಲ್ ಲ್ಯಾಂಪ್. ಲ್ಯಾಂಪನ್ನು ನೆತ್ತಿಯ ಮೇಲೆ ಇಡದೆ ಪಕ್ಕಕ್ಕೆ ತಗ್ಗಿಸಿ ಇಡಬೇಕು. ಬೆಳಕು ಓರೆಯಾಗಿ ಬಿದ್ದಾಗಲೇ ಉಬ್ಬು ಯಾವುದು, ತಗ್ಗು ಯಾವುದು ಎಂದು ನೆರಳು ಹೇಳುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮಾದರಿ ನಾಣ್ಯ: ಪ್ರತಿ ಬೆಲೆಯ, ಪ್ರತಿ ವಿನ್ಯಾಸದ ಒಂದೊಂದು ಒಳ್ಳೆಯ, ಪೆಟ್ಟು ಬೀಳದ ನಾಣ್ಯವನ್ನು ಎತ್ತಿಟ್ಟುಕೊಂಡಿರಬೇಕು. ಅನುಮಾನ ಬಂದ ನಾಣ್ಯವನ್ನು ಅದರ ಪಕ್ಕಕ್ಕಿಟ್ಟರೆ ಮುಕ್ಕಾಲು ಪಾಲು ಅನುಮಾನ ಅಲ್ಲೇ ಕರಗುತ್ತದೆ.

ಇನ್ನು, ಕೈಗೆ ಬಂದ ಪ್ರತಿ ವಿಚಿತ್ರ ನಾಣ್ಯಕ್ಕೂ ನಾವು ಕೇಳುವ ಪ್ರಶ್ನೆ ಒಂದೇ. ಟಂಕಸಾಲೆಯ ಯಾವ ಹಂತದಲ್ಲಿ ಏನು ತಪ್ಪಿದರೆ ಇದು ಹೀಗಾಗುತ್ತದೆ? ಉತ್ತರ ಸಿಕ್ಕರೆ ಅದು ದೋಷ ನಾಣ್ಯ. ಎಷ್ಟು ಯೋಚಿಸಿದರೂ ಉತ್ತರ ಸಿಗದಿದ್ದರೆ, ಅದು ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಪೆಟ್ಟು ತಿಂದದ್ದು. ಹಾಗಾಗಿ ನಾಣ್ಯ ಹುಟ್ಟುವ ಬಗೆ ಬಾಯಿಪಾಠ ಆಗಿರಬೇಕು.

ಲೋಹದ ಉದ್ದನೆಯ ಪಟ್ಟಿ ಮುಂದೆ ಮುಂದೆ ಸರಿಯುತ್ತದೆ, ಮೇಲಿಂದ ಉಳಿಗಳು ಇಳಿದು ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತವೆ. ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆದುಮಾಡುತ್ತಾರೆ. ಆಮೇಲೆ ಬಿಲ್ಲೆಯನ್ನು ಅಂಚಿನಿಂದ ಒತ್ತಿ ಉರುಳಿಸಿ ಸುತ್ತಲೂ ಸಣ್ಣ ಏಣು ಎಬ್ಬಿಸುತ್ತಾರೆ. ಕೊನೆಗೆ ಎರಡು ಅಚ್ಚುಗಳ ನಡುವೆ ಏಟು. ಏಟು ಬೀಳುವಾಗ ಬಿಲ್ಲೆಯ ಸುತ್ತ ಉಕ್ಕಿನ ಬಳೆಯೊಂದು ಬಿಗಿಯಾಗಿ ಕೂತಿರುತ್ತದೆ, ಅದಕ್ಕೆ ಕಾಲರ್ ಎನ್ನುತ್ತಾರೆ. ಲೋಹ ಹೊರಕ್ಕೆ ಹರಡದಂತೆ ತಡೆದು ನಾಣ್ಯವನ್ನು ಅಳತೆಯಲ್ಲಿಡುವುದೂ, ಅಂಚಿಗೆ ಗೆರೆ ಮೂಡಿಸುವುದೂ ಅದೇ ಬಳೆ. ನಿಮಿಷಕ್ಕೆ ನೂರಾರು ಏಟು ಬೀಳುವ ಕಡೆ ಬಿಲ್ಲೆ ತಪ್ಪಬಹುದು, ಅಚ್ಚು ತಪ್ಪಬಹುದು, ಏಟು ತಪ್ಪಬಹುದು. ದೋಷಗಳೆಲ್ಲ ಈ ಮೂರು ಗುಂಪಿನಲ್ಲಿ ಎಲ್ಲಾದರೂ ಕೂರಲೇಬೇಕು.

ಬಳೆ ಇಲ್ಲದ ಕಾಲದ ನಾಣ್ಯಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮೈಸೂರಿನ ಆನೆ ಕಾಸಿನಲ್ಲಿ ಆನೆಯ ಸೊಂಡಿಲೋ ಬಾಲವೋ ಬಿಲ್ಲೆಯ ಹೊರಗೆ ಹೋಗಿದ್ದರೆ ಅದು ದೋಷವಲ್ಲ. ಕೈಯಿಂದ ಬಡಿದ ನಾಣ್ಯದಲ್ಲಿ ಅದು ಸಹಜ.

ನೋಡುವುದಕ್ಕೆ ಮೊದಲು ವಿಂಗಡಣೆ. ಭಾರತದಲ್ಲಿ ನಾಣ್ಯ ಮಾಡುವ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ವರ್ಷದ ಕೆಳಗೆ ಭೂತಗನ್ನಡಿ ಹಿಡಿದರೆ ಗುರುತು ಕಾಣುತ್ತದೆ. ವಜ್ರದಾಕಾರ ಇದ್ದರೆ ಮುಂಬೈ, ಐದು ಮೂಲೆಯ ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಲ್ಲಿಯೇ ಮೊದಲ ಎಚ್ಚರಿಕೆ ಹೇಳಬೇಕು. ‘ಟಂಕಸಾಲೆ ಗುರುತು ಬಿಟ್ಟುಹೋದ ನಾಣ್ಯ’ ಎಂದು ಯಾರಾದರೂ ತೋರಿಸಿದರೆ ನಂಬುವುದಕ್ಕೆ ಆಧಾರವಿಲ್ಲ. ಮುಂಬೈ ಅಚ್ಚಿನ ವಜ್ರದ ಗುಳಿಯಲ್ಲಿ ಗ್ರೀಸ್ ತುಂಬಿ ಗುರುತು ಮೂಡದೆ ಹೋದರೆ, ಅದು ಕೋಲ್ಕತ್ತದ ನಾಣ್ಯದಂತೆಯೇ ಕಾಣುತ್ತದೆ. ಮಸುಕಾಗಿಯಾದರೂ ಗುರುತಿನ ಒಂದು ಮೂಲೆ ಉಳಿದಿದ್ದರೆ ಮಾತ್ರ ಮಾತಾಡಬಹುದು.

ವಿಂಗಡಿಸುವಾಗಲೇ ‘ದೋಷವಲ್ಲದ ವಿಚಿತ್ರ’ಗಳನ್ನು ಪಕ್ಕಕ್ಕೆ ಹಾಕಬೇಕು. 1990ರ ದಶಕದ ಕೊನೆಯ ವರ್ಷಗಳಲ್ಲಿ ಹೊರದೇಶದ ಟಂಕಸಾಲೆಗಳಲ್ಲೂ ನಮ್ಮ ನಾಣ್ಯ ಮಾಡಿಸಿದರು. ‘ಎಂ’ ಅಕ್ಷರದ ಮೇಲೆ ಪುಟ್ಟ ಸೊನ್ನೆ ಇದ್ದರೆ ಮೆಕ್ಸಿಕೋ, ‘ಎಂಕೆ’ ಇದ್ದರೆ ಸ್ಲೊವಾಕಿಯಾದ ಕ್ರೆಮ್ನಿಟ್ಸಾ, ರಷ್ಯನ್ ಲಿಪಿಯ ಮೂರಕ್ಷರ ಇದ್ದರೆ ಮಾಸ್ಕೋ. ಹೆಬ್ಬೆರಳೆತ್ತಿದ ಒಂದು ರೂಪಾಯಿ, ಎರಡು ಬೆರಳಿನ ಎರಡು ರೂಪಾಯಿ, ಅದಕ್ಕೂ ಸ್ವಲ್ಪ ಹಿಂದಿನ ಶಿಲುಬೆಯಂಥ ಗೆರೆಗಳ ನಾಣ್ಯ, ಎಲ್ಲವೂ ಹೊರಡಿಸಿದ ವಿನ್ಯಾಸಗಳೇ. ಹತ್ತು ರೂಪಾಯಿಯ ಗೊಂದಲವಂತೂ ಎಲ್ಲರಿಗೂ ಗೊತ್ತು. ಮೇಲೆ ಹತ್ತು ಗೆರೆ ಇರುವುದೂ ಇದೆ, ಹದಿನೈದು ಗೆರೆ ಇರುವುದೂ ಇದೆ. ರೂಪಾಯಿ ಚಿಹ್ನೆ ಇರುವುದೂ ಇಲ್ಲದಿರುವುದೂ ಇವೆ. ಚಿಹ್ನೆ ಜಾರಿಗೆ ಬಂದದ್ದೇ 2010ರಲ್ಲಿ, ನಾಣ್ಯದ ಮೇಲೆ ಬಂದದ್ದು 2011ರಿಂದ. 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಗೆರೆಯ ಲೆಕ್ಕ ದೋಷದ ಲೆಕ್ಕವಲ್ಲ.

ಅಳತೆ, ತೂಕ ಗೊತ್ತಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. 2011ರಿಂದ ಬಂದ ಸರಣಿಯಲ್ಲಿ ಒಂದು ರೂಪಾಯಿ 22 ಮಿಲಿಮೀಟರ್ ಅಗಲ, 3.79 ಗ್ರಾಂ ತೂಕ. ಎರಡು ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ. ಐದು ರೂಪಾಯಿ 23 ಮಿಲಿಮೀಟರ್, 6 ಗ್ರಾಂ. ಹತ್ತು ರೂಪಾಯಿ 27 ಮಿಲಿಮೀಟರ್, 7.71 ಗ್ರಾಂ. 2019ರ ಸರಣಿಯಲ್ಲಿ ಎಲ್ಲ ಬದಲಾಯಿತು: ಒಂದು ರೂಪಾಯಿ 20 ಮಿಲಿಮೀಟರ್ ಮತ್ತು 3.09 ಗ್ರಾಂ, ಎರಡು ರೂಪಾಯಿ 23 ಮತ್ತು 4.07, ಐದು ರೂಪಾಯಿ 25 ಮತ್ತು 6.74, ಹತ್ತು ರೂಪಾಯಿ 27 ಮತ್ತು 7.74, ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ 27 ಮತ್ತು 8.54. ಇದನ್ನು ಒಂದು ರಟ್ಟಿನ ಮೇಲೆ ಬರೆದು ತಕ್ಕಡಿಯ ಪಕ್ಕ ಇಡಿ.

ಈ ಪಟ್ಟಿಯ ಹಿಂದೆ ಇನ್ನೊಂದು ಸಂಗತಿ ಇದೆ, ಅದು ತಿಳಿಯದೆ ಮೋಸಹೋಗುವವರು ಹಲವರು. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ ಇತ್ತು. ಅಂದರೆ ಅಂದಿನ ಒಂದು ರೂಪಾಯಿಯ ಅಳತೆಯೇ 2011ರಲ್ಲಿ ಎರಡು ರೂಪಾಯಿಗೆ ಹೋಯಿತು. ಹಳೆಯ ಸ್ಟೀಲಿನ ಎಂಟಾಣೆಯ 22 ಮಿಲಿಮೀಟರ್, 3.79 ಗ್ರಾಂ ಒಂದು ರೂಪಾಯಿಗೆ ಬಂತು. ಹೀಗಾಗಿ ಒಂದೇ ಹಿಡಿ ಚಿಲ್ಲರೆಯಲ್ಲಿ ಮೂರು ಅಳತೆಯ ಒಂದು ರೂಪಾಯಿ ಸಿಗುತ್ತವೆ. ‘ದೊಡ್ಡ ಬಿಲ್ಲೆಯ ಮೇಲೆ ತಪ್ಪಿ ಬಿದ್ದ ಒಂದು ರೂಪಾಯಿ’ ಎಂದು ತೋರಿಸುವ ನಾಣ್ಯದ ವರ್ಷ ನೋಡಿದರೆ ಸಾಮಾನ್ಯವಾಗಿ ಮಾತು ಮುಗಿಯುತ್ತದೆ.

ನಿಜವಾಗಿ ಬಿಲ್ಲೆ ಬದಲಾಗಿದ್ದರೆ ಮೂರು ಸಾಕ್ಷಿ ಕೂಡಿಬರಬೇಕು: ತೂಕ ಇನ್ನೊಂದು ನಾಣ್ಯದ ತೂಕಕ್ಕೆ ಸರಿಹೊಂದಬೇಕು, ಲೋಹ ಆ ನಾಣ್ಯದ್ದೇ ಆಗಿರಬೇಕು, ಆ ಎರಡು ನಾಣ್ಯಗಳೂ ಒಂದೇ ಕಾಲದಲ್ಲಿ ತಯಾರಾಗುತ್ತಿದ್ದಿರಬೇಕು. ಲೋಹಕ್ಕೆ ಆಯಸ್ಕಾಂತದ ಪರೀಕ್ಷೆ. ಸ್ಟೀಲಿನ ನಾಣ್ಯ ಆಯಸ್ಕಾಂತಕ್ಕೆ ಅಂಟುತ್ತದೆ, ಹಳದಿ ಹಿತ್ತಾಳೆ ಬಣ್ಣದ ಐದು ರೂಪಾಯಿ ಅಂಟುವುದಿಲ್ಲ, ಹಳೆಯ 9 ಗ್ರಾಂ ತೂಕದ ತಾಮ್ರ–ನಿಕಲ್ ಐದು ರೂಪಾಯಿಯೂ ಅಂಟುವುದಿಲ್ಲ. ಬಿಳಿ ಬಣ್ಣದ ಐದು ರೂಪಾಯಿ ಅಂಟಿತೆಂದು ಕುಣಿಯುವ ಮೊದಲು ವರ್ಷ ನೋಡಿ. 2007ರಿಂದ ಸ್ವಲ್ಪ ಕಾಲ ಐದು ರೂಪಾಯಿ ಸ್ಟೀಲಿನಲ್ಲೇ ಬಂದಿತ್ತು, 6 ಗ್ರಾಂ. ಹಳದಿ ನಾಣ್ಯಕ್ಕೆ ನಿಕಲ್ ಲೇಪ ಕೊಟ್ಟು ಬೆಳ್ಳಗೆ ಮಾಡಿದವೂ ಓಡಾಡುತ್ತವೆ. ಅವುಗಳ ಅಂಚಿನ ಏಣನ್ನು ಭೂತಗನ್ನಡಿಯಲ್ಲಿ ನೋಡಿದರೆ ಲೇಪ ಸವೆದ ಕಡೆ ಹಳದಿ ಇಣುಕುತ್ತದೆ.

ಇನ್ನು ನೋಡುವ ಕೆಲಸ. ಮೂರು ಸುತ್ತು. ಮೊದಲ ಸುತ್ತಿನಲ್ಲಿ ಮುಖ ನೋಡುವುದೇ ಇಲ್ಲ, ಅಂಚು ಮಾತ್ರ. ಒಂದೇ ವಿನ್ಯಾಸದ ಇಪ್ಪತ್ತು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ, ಆ ಕಂಬವನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿದು ಬೆಳಕಿಗೆ ತಿರುಗಿಸಿ. ಒಂದು ನಾಣ್ಯ ಹೊರಕ್ಕೆ ಚಾಚಿದ್ದರೆ, ಒಳಕ್ಕೆ ಸರಿದಿದ್ದರೆ, ಅಂಚಿನ ಗೆರೆ ಬೇರೆಯಾಗಿದ್ದರೆ ಬೆರಳಿಗೇ ತಗಲುತ್ತದೆ.

ಚಾಚಿಕೊಂಡದ್ದು ಬಳೆ ಕೂರದೆ ಏಟು ಬಿದ್ದ ನಾಣ್ಯ ಇರಬಹುದು. ತಡೆಯುವ ಬಳೆ ಇಲ್ಲದ್ದರಿಂದ ಲೋಹ ಹೊರಕ್ಕೆ ಹರಡಿ ನಾಣ್ಯ ಅಗಲವಾಗುತ್ತದೆ, ಅಂಚಿನ ಗೆರೆ ಇರುವುದಿಲ್ಲ, ಮುಖದ ಚಿತ್ರವೆಲ್ಲ ಪೂರ್ತಿ ಇರುತ್ತದೆ. ತೂಕ ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಸುತ್ತಿಗೆಯಿಂದ ಬಡಿದು ಅಗಲ ಮಾಡಿದ್ದರೆ ಸಿಂಹದ ಮುಖ ಚಪ್ಪಟೆಯಾಗಿರುತ್ತದೆ. ರೈಲು ಹಳಿಯ ಮೇಲಿಟ್ಟದ್ದಾದರೆ ಒಂದೇ ದಿಕ್ಕಿಗೆ ಎಳೆದು ಮೊಟ್ಟೆಯಾಕಾರ ಆಗಿರುತ್ತದೆ. ಬಳೆ ಅರ್ಧ ಮಾತ್ರ ಮೇಲೆ ಬಂದಿದ್ದರೆ ಅಂಚಿನಲ್ಲಿ ಮೆಟ್ಟಿಲು ಕಟ್ಟಿದಂತೆ ಒಂದು ಹಂತ ಕಾಣುತ್ತದೆ. ಬಳೆಯ ಒಳಗಿದ್ದ ಭಾಗ ಕಿರಿದು, ಹೊರಗುಳಿದ ಭಾಗ ಅಗಲ.

ಒಳಕ್ಕೆ ಸರಿದಂತೆ ಕಾಣುವುದು ಕಚ್ಚಿದ ಬಿಲ್ಲೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ, ಏಕೆಂದರೆ ಕಾರಣವೂ ಪರೀಕ್ಷೆಯೂ ಎರಡೂ ಸ್ಪಷ್ಟ. ಲೋಹದ ಪಟ್ಟಿ ಸಾಕಷ್ಟು ಮುಂದೆ ಸರಿಯದೆ ಹೋದಾಗ ಉಳಿ ಹಿಂದಿನ ತೂತಿನ ಮೇಲೆಯೇ ಸ್ವಲ್ಪ ಇಳಿಯುತ್ತದೆ. ಬಿಲ್ಲೆಯಲ್ಲಿ ಚಂದ್ರನ ಆಕಾರದ ಕೊರತೆ ಹುಟ್ಟುತ್ತದೆ. ಆ ಕೊರತೆ ಅದೇ ಅಳತೆಯ ತೂತಿನದ್ದಾದ್ದರಿಂದ, ಅದೇ ಬೆಲೆಯ ಮಾದರಿ ನಾಣ್ಯದ ಅಂಚನ್ನು ಆ ಕಚ್ಚಿದ ಜಾಗಕ್ಕೆ ಆನಿಸಿದರೆ ಬಾಗು ಹೆಚ್ಚುಕಡಿಮೆ ಸರಿಯಾಗಿ ಕೂರಬೇಕು. ಎರಡನೆಯ ಪರೀಕ್ಷೆ ಎದುರಿನ ಅಂಚಿನದು. ಏಣು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಎದುರುಬದಿರು ಕಡೆಗಳಿಂದ ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಸಿಗುವುದಿಲ್ಲ, ಅಲ್ಲಿ ಏಣು ಏಳುವುದಿಲ್ಲ. ಆದ್ದರಿಂದ ಕಚ್ಚು ಹನ್ನೆರಡು ಗಂಟೆಯ ಜಾಗದಲ್ಲಿದ್ದರೆ ಆರು ಗಂಟೆಯ ಜಾಗದಲ್ಲಿ ಅಂಚು ತೆಳುವಾಗಿ, ಮಸುಕಾಗಿ ಇರಬೇಕು. ಮೂರನೆಯದು ಅಕ್ಷರಗಳದು. ಏಟು ಬೀಳುವಾಗಲೇ ಆ ಜಾಗ ಖಾಲಿ ಇದ್ದುದರಿಂದ ಪಕ್ಕದ ಅಕ್ಷರಗಳ ಲೋಹ ಅತ್ತ ಹರಿದು, ಅಕ್ಷರ ಕಚ್ಚಿನ ಕಡೆಗೆ ಎಳೆದಂತೆ, ಕ್ರಮೇಣ ಮಾಯವಾದಂತೆ ಕಾಣುತ್ತದೆ. ಅರದಿಂದ ಉಜ್ಜಿ ಮಾಡಿದ ಕಚ್ಚಿನಲ್ಲಿ ಅಕ್ಷರ ಚಾಕುವಿನಲ್ಲಿ ಕತ್ತರಿಸಿದಂತೆ ನಿಂತುಹೋಗಿರುತ್ತದೆ, ಕತ್ತರಿಸಿದ ಮೈಯಲ್ಲಿ ಅರದ ಗೀರುಗಳು ಇರುತ್ತವೆ, ಎದುರಿನ ಏಣು ಗಟ್ಟಿಮುಟ್ಟಾಗಿರುತ್ತದೆ. ಕಚ್ಚಿದ ನಾಣ್ಯ ಎಷ್ಟು ಲೋಹ ಕಳೆದುಕೊಂಡಿದೆಯೋ ಅಷ್ಟು ತೂಕವೂ ಕಡಿಮೆ ಇರುತ್ತದೆ, ಬರೆದಿಟ್ಟುಕೊಳ್ಳಿ.

ಕಂಬದಲ್ಲಿ ಒಂದು ನಾಣ್ಯ ತೀರಾ ತೆಳ್ಳಗೆ ಕಂಡರೆ ಅದನ್ನೂ ತೂಗಿ. ಒಂದೆರಡು ನೂರಂಶ ಗ್ರಾಂ ಸವಕಳಿಯ ಲೆಕ್ಕಕ್ಕೆ ಹೋಗುತ್ತದೆ. ಗ್ರಾಂಗಟ್ಟಲೆ ಕಡಿಮೆ ಇದ್ದರೆ ತೆಳು ಪಟ್ಟಿಯಿಂದ ಕತ್ತರಿಸಿದ ಬಿಲ್ಲೆ ಇರಬಹುದು, ಆಮ್ಲದಲ್ಲಿ ಕರಗಿಸಿದ್ದೂ ಇರಬಹುದು. ಆಮ್ಲ ಎಲ್ಲವನ್ನೂ ಸಮನಾಗಿ ತಿನ್ನುತ್ತದೆ: ಅಕ್ಷರ ಸಣಕಲಾಗಿರುತ್ತದೆ, ಮೈಯಲ್ಲಿ ಸೂಕ್ಷ್ಮ ಗುಳಿಗಳಿರುತ್ತವೆ, ಅಗಲವೂ ಕಡಿಮೆಯಾಗಿರುತ್ತದೆ. ತೆಳು ಬಿಲ್ಲೆಯದಾದರೆ ಅಗಲ ಸರಿಯಾಗಿರುತ್ತದೆ, ಆದರೆ ಅಚ್ಚಿನ ಆಳಕ್ಕೆ ತುಂಬಲು ಲೋಹ ಸಾಲದೆ ಚಿತ್ರ ಎರಡೂ ಕಡೆ ಮಂಕಾಗಿರುತ್ತದೆ.

ಎರಡನೆಯ ಸುತ್ತು ತಿರುಗಿಸುವುದು. ಭಾರತದ ಈಗಿನ ನಾಣ್ಯಗಳಲ್ಲಿ ಎರಡು ಮುಖಗಳ ತಲೆಯೂ ಒಂದೇ ದಿಕ್ಕಿಗೆ ಇರುತ್ತದೆ. ಸಿಂಹದ ಮುಖವನ್ನು ನೆಟ್ಟಗೆ ಹಿಡಿದು, ಮೇಲಿನ ಮತ್ತು ಕೆಳಗಿನ ಅಂಚನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ಬಾಗಿಲು ತೆರೆದಂತೆ ಪಕ್ಕಕ್ಕೆ ತಿರುಗಿಸಿ. ಬೆಲೆಯ ಮುಖ ನೆಟ್ಟಗೆ ಬರಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಬಂದರೆ ಅಚ್ಚು ತಿರುಗಿದೆ ಎಂದರ್ಥ. ಹಿಡಿಕೆಯಲ್ಲಿ ಅಚ್ಚು ಸಡಿಲವಾಗಿ ಏಟು ಏಟಿಗೆ ತಿರುಗುತ್ತಾ ಹೋಗುವುದು, ಇಲ್ಲವೇ ಕೂರಿಸುವಾಗಲೇ ತಪ್ಪಾಗಿ ಕೂರಿಸಿರುವುದು ಇದಕ್ಕೆ ಕಾರಣ. ಗಡಿಯಾರದ ಮುಖದ ಲೆಕ್ಕ ಸುಲಭ: ಒಂದು ಗಂಟೆಯ ಜಾಗಕ್ಕೆ ಸರಿದಿದ್ದರೆ 30 ಡಿಗ್ರಿ, ಮೂರಕ್ಕೆ 90, ಆರಕ್ಕೆ 180. ಹದಿನೈದು ಡಿಗ್ರಿಗಿಂತ ಕಡಿಮೆ ಇದ್ದರೆ ನಾವು ಎತ್ತಿಡುವುದಿಲ್ಲ, ಅಷ್ಟು ಸಡಿಲ ಎಲ್ಲ ಕಡೆಯೂ ಕಾಣುತ್ತದೆ. ದುಡ್ಡು ಖರ್ಚಿಲ್ಲದೆ, ಭೂತಗನ್ನಡಿಯೂ ಇಲ್ಲದೆ ಯಾರು ಬೇಕಾದರೂ ಹಿಡಿಯಬಹುದಾದ ದೋಷ ಇದು. ಬಸ್ಸಿನಲ್ಲಿ ಕೂತು ಚಿಲ್ಲರೆ ಜೇಬಿಗೆ ಹಾಕುವ ಮುನ್ನವೇ ನೋಡಿಬಿಡಬಹುದು. ಎರಡು ನಾಣ್ಯ ಸೀಳಿ ಅಂಟಿಸಿ ಮಾಡಿದ್ದು ಎಂಬ ಶಂಕೆ ಬಂದರೆ ಅಂಚನ್ನು ಸುತ್ತಲೂ ನೋಡಿ, ಕಲ್ಲಿನ ಮೇಲೆ ಮೆಲ್ಲಗೆ ಬಿಡಿ. ಬೆಸುಗೆಯ ಗೆರೆ ಕಾಣುತ್ತದೆ, ಸದ್ದು ಮಂಕಾಗಿರುತ್ತದೆ.

ಮೂರನೆಯ ಸುತ್ತು ಭೂತಗನ್ನಡಿಯದು, ತಾಳ್ಮೆಯೆಲ್ಲ ಇಲ್ಲಿಗೆ ಬೇಕು. ಮೊದಲು ಕಲಿಯಬೇಕಾದ ನಿಯಮ ಒಂದೇ ಸಾಲಿನದು: ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬು. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ನುಗ್ಗಿ ನಾಣ್ಯದ ಮೇಲೆ ದಾರದಂಥ ಉಬ್ಬುಗೆರೆ ಮೂಡುತ್ತದೆ. ನಾಣ್ಯಕ್ಕೆ ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತದೆ. ಓರೆ ಬೆಳಕಿನಲ್ಲಿ ಎರಡರ ನೆರಳೂ ಎದುರು ದಿಕ್ಕಿಗೆ ಬೀಳುತ್ತದೆ. ಅನುಮಾನವಿದ್ದರೆ ಪಕ್ಕದ ಅಕ್ಷರದ ನೆರಳು ಯಾವ ಕಡೆಗಿದೆ ನೋಡಿ ಹೋಲಿಸಿ, ಏಕೆಂದರೆ ಅಕ್ಷರ ಉಬ್ಬು ಎಂಬುದು ಖಚಿತ. ಸ್ಟೀಲು ಗಟ್ಟಿ ಲೋಹವಾದ್ದರಿಂದ ಅಚ್ಚು ಬೇಗ ದಣಿಯುತ್ತದೆ. ಒಂದು, ಎರಡು ರೂಪಾಯಿಯಲ್ಲಿ ಇಂಥ ಬಿರುಕಿನ ಗೆರೆಗಳು ಸಿಗುವುದು ಅಪರೂಪವಲ್ಲ.

ಬಿರುಕು ಬೆಳೆದು ಅಚ್ಚಿನ ಅಂಚಿನ ತುಣುಕೇ ಕಳಚಿಬಿದ್ದರೆ ಆ ಜಾಗಕ್ಕೆ ಲೋಹ ತುಂಬಿ, ಅಂಚಿಗೆ ಅಂಟಿಕೊಂಡಂತೆ ಬೋಳು ಗಡ್ಡೆಯೊಂದು ಏಳುತ್ತದೆ. ಸಂಗ್ರಾಹಕರು ಇದನ್ನು ಕಡ್ ಎನ್ನುತ್ತಾರೆ. ಗಡ್ಡೆಯ ಕೆಳಗೆ ಅಕ್ಷರದ ಕುರುಹೇ ಇರಬಾರದು. ಅದರ ನೇರ ಹಿಂಬದಿಯಲ್ಲಿ ಚಿತ್ರ ಮಂಕಾಗಿರಬೇಕು, ಏಕೆಂದರೆ ಅಲ್ಲಿಗೆ ಹೋಗಬೇಕಾದ ಲೋಹವೆಲ್ಲ ಈ ಗುಂಡಿಗೆ ಹರಿದಿರುತ್ತದೆ. ಬೆಸುಗೆ ಹಾಕಿ ಮಾಡಿದ ಗಡ್ಡೆಗೆ ಹಿಂಬದಿಯ ಈ ಮಂಕು ಬರಲಾರದು.

‘ಅಕ್ಷರ ಇಲ್ಲದ ನಾಣ್ಯ’ ಎಂದು ಬರುವವುಗಳಲ್ಲಿ ಹೆಚ್ಚಿನವು ಅಚ್ಚಿನ ಗುಳಿಯಲ್ಲಿ ಗ್ರೀಸು, ಲೋಹದ ಪುಡಿ ಸೇರಿ ಗಟ್ಟಿಯಾದದ್ದರಿಂದ ಆದವು. ಅಲ್ಲಿಗೆ ಲೋಹ ಏರದೆ ‘ಸತ್ಯಮೇವ ಜಯತೆ’ಯ ಎರಡಕ್ಷರವೋ, ವರ್ಷದ ಒಂದಂಕಿಯೋ ಮೂಡುವುದಿಲ್ಲ. ಆ ಜಾಗದ ಮೈ ಸುತ್ತಲಿನಂತೆಯೇ ನುಣುಪಾಗಿ ಹೊಳೆಯುತ್ತದೆ, ಅಕ್ಷರ ಮಂಜಿನಲ್ಲಿ ಕರಗಿದಂತೆ ಸ್ವಲ್ಪ ಸ್ವಲ್ಪವೇ ಮಾಯವಾಗುತ್ತದೆ. ಕೆರೆದು ತೆಗೆದದ್ದಾದರೆ ಆ ಜಾಗ ಸ್ವಲ್ಪ ತಗ್ಗು, ಗೀರುಗಳೂ ಒಂದೇ ದಿಕ್ಕಿಗೆ. ಇಂಥ ನಾಣ್ಯ ಬೇಕಾದಷ್ಟು ಸಿಗುತ್ತವೆ. ಒಂದು ಪೂರ್ತಿ ಪದವೋ, ನಾಲ್ಕೂ ಅಂಕಿಗಳ ವರ್ಷವೋ ಬಿಟ್ಟುಹೋಗಿದ್ದರೆ ಮಾತ್ರ ಎತ್ತಿಡಲು ಯೋಗ್ಯ.

ಜೋಡಿ ಅಕ್ಷರದ ವಿಷಯದಲ್ಲಿ ಆಗುವಷ್ಟು ಮೋಸ, ಆಸೆ ಬೇರೆಲ್ಲೂ ಆಗುವುದಿಲ್ಲ. ವರ್ಷದ ಅಂಕಿ ಎರಡೆರಡಾಗಿ ಕಂಡರೆ ಎರಡು ಸಾಧ್ಯತೆ. ಒಂದು, ಅಚ್ಚು ತಯಾರಿಸುವಾಗಲೇ ಚಿತ್ರ ಎರಡು ಸಲ, ಕೊಂಚ ಸರಿದು ಅದರೊಳಗೆ ಇಳಿದಿರುವುದು. ಆಗ ಎರಡೂ ಚಿತ್ರ ದುಂಡಗೆ, ಸರಿಸುಮಾರು ಒಂದೇ ಎತ್ತರಕ್ಕೆ ಇರುತ್ತವೆ, ಅಕ್ಷರದ ತುದಿಗಳು ಸೀಳಿದಂತೆ ಕವಲಾಗುತ್ತವೆ, ಒಟ್ಟು ಅಕ್ಷರ ದಪ್ಪವಾಗುತ್ತದೆ. ಅದೇ ಅಚ್ಚಿನ ಎಲ್ಲ ನಾಣ್ಯಗಳಲ್ಲೂ ಅದು ಹಾಗೆಯೇ ಇರುತ್ತದೆ. ಇನ್ನೊಂದು, ಏಟು ಬಿದ್ದ ಕ್ಷಣದಲ್ಲಿ ಸಡಿಲವಾದ ಅಚ್ಚು ಅಲುಗಿ, ಮೂಡಿದ ಅಕ್ಷರದ ಪಕ್ಕವನ್ನು ಒತ್ತಿ ಚಪ್ಪಟೆ ಮಾಡಿರುವುದು. ಆಗ ಎರಡನೆಯ ‘ಅಕ್ಷರ’ ಗೋಡೆಯ ಗೂಡಿನ ಹಲಗೆಯಂತೆ ತಗ್ಗಿನಲ್ಲಿ ಸಪಾಟಾಗಿ ಇರುತ್ತದೆ, ಮೂಲ ಅಕ್ಷರ ದಪ್ಪವಾಗುವ ಬದಲು ಸಣ್ಣದಾಗುತ್ತದೆ. ಚಿಲ್ಲರೆಯಲ್ಲಿ ಸಿಗುವ ಜೋಡಿ ಅಕ್ಷರದಲ್ಲಿ ಹೆಚ್ಚುಪಾಲು ಈ ಎರಡನೆಯ ಬಗೆಯವೇ, ಅದಕ್ಕೆ ಬೆಲೆಯಿಲ್ಲ. ಎರಡರ ವ್ಯತ್ಯಾಸ ಬಾಯಲ್ಲಿ ಹೇಳಿ ತಿಳಿಯುವುದು ಕಷ್ಟ. ಲ್ಯಾಂಪನ್ನು ಅಕ್ಷರದ ಸುತ್ತ ನಾಲ್ಕೂ ಕಡೆಗೆ ಸರಿಸಿ ನೋಡಿ: ಸಪಾಟು ಹಲಗೆ ಒಂದು ಕೋನದಲ್ಲಿ ಕನ್ನಡಿಯಂತೆ ಪೂರ್ತಿ ಹೊಳೆದುಬಿಡುತ್ತದೆ, ದುಂಡನೆಯ ಅಕ್ಷರ ಹಾಗೆ ಹೊಳೆಯುವುದಿಲ್ಲ.

ಬಿಲ್ಲೆ ಬಾರದೆ ಅಚ್ಚುಗಳೆರಡೂ ಒಂದಕ್ಕೊಂದು ಬಡಿದುಕೊಂಡರೆ ಒಂದರ ಚಿತ್ರದ ರೂಪರೇಖೆ ಇನ್ನೊಂದರ ಮೇಲೆ ಕೂರುತ್ತದೆ. ಮುಂದಿನ ನಾಣ್ಯಗಳಲ್ಲಿ ಬೆಲೆಯ ಅಂಕಿಯ ಪಕ್ಕದ ಬಯಲಿನಲ್ಲಿ ಸಿಂಹಸ್ತಂಭದ ಭುಜದ ಗೆರೆ ಮಬ್ಬಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರುತ್ತದೆ. ತಿರುಗುಮುರುಗಾಗಿ ಇಲ್ಲದಿದ್ದರೆ ಅದು ಬೇರೇನೋ.

ಏಟಿನ ದೋಷಗಳು ಕಣ್ಣಿಗೆ ಥಟ್ಟನೆ ಹೊಡೆಯುವಂಥವು, ಹಾಗಾಗಿಯೇ ಚಿಲ್ಲರೆಯ ತನಕ ಬರುವುದು ಕಡಿಮೆ. ನಡುವಿನಿಂದ ಸರಿದ ಏಟಿನಲ್ಲಿ ಚಿತ್ರದ ಒಂದು ಭಾಗ ಬಿಲ್ಲೆಯ ಹೊರಗೆ ಹೋಗಿ, ಎದುರಿಗೆ ಬೋಳು ಬಯಲು ಉಳಿಯುತ್ತದೆ. ಎರಡೂ ಮುಖದಲ್ಲಿ ಬೋಳು ಒಂದೇ ಜಾಗದಲ್ಲಿರಬೇಕು, ಬೋಳಿನಲ್ಲಿ ಕೆರೆದ ಗುರುತು ಇರಬಾರದು. ಎಷ್ಟು ಸರಿದಿದೆ ಎನ್ನುವುದನ್ನು ನೂರಕ್ಕೆ ಇಷ್ಟು ಎಂದು ಅಂದಾಜಿಸಿ ಬರೆಯುತ್ತಾರೆ. ವರ್ಷ ಪೂರ್ತಿ ಉಳಿದಿದ್ದರೆ ಸಂಗ್ರಾಹಕರಿಗೆ ಹೆಚ್ಚು ಇಷ್ಟ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಯ ಮೇಲೆ ಒತ್ತಿದರೆ ಒಂದು ಮುಖ ಉಬ್ಬು, ಇನ್ನೊಂದು ಮುಖದಲ್ಲಿ ಅದೇ ಚಿತ್ರ ತಗ್ಗಾಗಿ, ತಿರುಗುಮುರುಗಾಗಿ ಬರುತ್ತದೆ. ಎರಡು ನಾಣ್ಯ ಸೇರಿಸಿ ವೈಸಿನಲ್ಲಿ ಹಿಂಡಿದರೂ ತಗ್ಗು ಚಿತ್ರ ಬರುತ್ತದೆ. ಆದರೆ ಅಲ್ಲಿ ಮೂಲ ಚಿತ್ರದ ಅವಶೇಷವೂ ಬೆರೆತಿರುತ್ತದೆ, ಹಿಂಬದಿ ಚಪ್ಪಟೆಯಾಗಿರುತ್ತದೆ.

ಹತ್ತು ಮತ್ತು ಇಪ್ಪತ್ತು ರೂಪಾಯಿ ಎರಡು ಲೋಹದವು. ಹೊರ ಉಂಗುರ, ಒಳ ಬಿಲ್ಲೆ ಎರಡೂ ಬೋಳಾಗಿಯೇ ಬಂದು, ಒಂದೇ ಏಟಿನಲ್ಲಿ ಬೆಸೆದು ಚಿತ್ರವೂ ಮೂಡುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ನಕಲಿಗಳು ತಾವಾಗಿಯೇ ಬಯಲಾಗುತ್ತವೆ. ಒಳ ಬಿಲ್ಲೆ ಮಾತ್ರ ಹಿಂದುಮುಂದಾಗಿ ಕೂತು, ಸಿಂಹ ಬೆಲೆಯ ಮುಖಕ್ಕೆ ಬಂದಿರುವ ಹತ್ತು ರೂಪಾಯಿ ಟಂಕಸಾಲೆಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲ. ಚಿತ್ರ ಬಿದ್ದದ್ದೇ ಕೂಡಿದ ಮೇಲೆ. ಅದು ಯಾರೋ ತಟ್ಟಿ ಬಿಡಿಸಿ ಮತ್ತೆ ಕೂರಿಸಿದ್ದು. ಬರಿಯ ಉಂಗುರ ಸಿಕ್ಕರೆ ಅದರ ಒಳ ಅಂಚು ನೋಡಿ. ಒಳ ಬಿಲ್ಲೆ ಇದ್ದು ಆಮೇಲೆ ಕಳಚಿದ್ದಾದರೆ ಬೆಸೆದಿದ್ದ ತೋಡಿನ ಗುರುತು ಇರುತ್ತದೆ. ಇಲ್ಲದೆಯೇ ಏಟು ಬಿದ್ದಿದ್ದರೆ ಉಂಗುರದ ಲೋಹ ಒಳಕ್ಕೆ ಹರಿದು ತೂತು ಕಿರಿದಾಗಿ, ಅಂಚು ದುಂಡಗಾಗಿರುತ್ತದೆ. ಒಳ ಬಿಲ್ಲೆ ಪಕ್ಕಕ್ಕೆ ಸರಿದು ಉಂಗುರದ ಮೇಲೆ ಹತ್ತಿ ಕೂತ ನಾಣ್ಯ ನಿಜವಾದದ್ದಾದರೆ ಚಿತ್ರದ ಗೆರೆಗಳು ಎರಡು ಲೋಹಗಳ ಸಂದಿಯನ್ನು ಎಲ್ಲೂ ತುಂಡಾಗದೆ ದಾಟುತ್ತವೆ.

ಇಷ್ಟೆಲ್ಲ ಪರೀಕ್ಷೆ ದಾಟಿದ ನಾಣ್ಯಕ್ಕೆ ಎಷ್ಟು ದುಡ್ಡು ಬರುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಿರುಕಿನ ಗೆರೆ, ಮಂಕು ಅಕ್ಷರಗಳಿಗೆ ಮುಖಬೆಲೆಯೇ ಬೆಲೆ ಎಂದುಕೊಳ್ಳುವುದು ಒಳ್ಳೆಯದು. ದೊಡ್ಡ ಡಿಗ್ರಿಯ ತಿರುಗು ಅಚ್ಚು, ದೊಡ್ಡ ಕಚ್ಚು, ನಡು ಸರಿದ ಏಟುಗಳಿಗೆ ಕೊಳ್ಳುವವರಿದ್ದಾರೆ. ಮೊಬೈಲಿನಲ್ಲಿ ‘ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ರೂಪಾಯಿ’ ಎಂದು ಬರುವುದನ್ನು ನಂಬಿ ಯಾರೂ ‘ನೋಂದಣಿ ಶುಲ್ಕ’ ಕಟ್ಟಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೆಯ ನಾಣ್ಯ ಕೊಳ್ಳುವುದಾಗಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಹೊರಡಿಸಿದೆ. ಹಾಗೆಯೇ, ಪರೀಕ್ಷೆಗೆಂದು ನಾಣ್ಯವನ್ನು ಕತ್ತರಿಸುವುದು, ಕರಗಿಸುವುದು ಬೇಡ. 2011ರ ನಾಣ್ಯ ಕಾಯ್ದೆಯಡಿ ನಾಣ್ಯ ಕರಗಿಸುವುದೂ ನಾಶಮಾಡುವುದೂ ಅಪರಾಧ.

ಎತ್ತಿಟ್ಟ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ನಡುವೆ ಪಾರದರ್ಶಕ ಹಾಳೆಯಿರುವ ರಟ್ಟಿನ ಚೌಕದಲ್ಲಿ ಇಡಿ. ಮೆತ್ತನೆಯ ಪಿವಿಸಿ ಚೀಲ ಬೇಡ, ವರ್ಷಗಳು ಕಳೆದಂತೆ ಅದರಿಂದ ಹಸಿರು ಜಿಗುಟು ಬಿಟ್ಟು ತಾಮ್ರ ಬೆರೆತ ನಾಣ್ಯಗಳು ಹಾಳಾಗುತ್ತವೆ. ರಟ್ಟಿಗೆ ಪಿನ್ ಹೊಡೆಯುವ ಮೊದಲೇ ಅದರ ಮೇಲೆ ಬರೆಯಿರಿ: ಬೆಲೆ, ವರ್ಷ, ಟಂಕಸಾಲೆ, ತೂಕ, ಅಗಲ, ದೋಷ, ಆ ದೋಷ ಯಾವ ಹಂತದ್ದು, ನಾಣ್ಯ ಸಿಕ್ಕ ದಿನ. ನಾಣ್ಯ ಒಳಗಿರುವಾಗ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಗುರುತು ನಾಣ್ಯದ ತನಕ ಇಳಿಯುತ್ತದೆ. ಉಳಿದ ತೊಂಬತ್ತಕ್ಕೂ ಹೆಚ್ಚು ನಾಣ್ಯವನ್ನು ಮತ್ತೆ ಎಣಿಸಿ, ಎತ್ತಿಟ್ಟಷ್ಟಕ್ಕೆ ಬೇರೆ ನಾಣ್ಯ ಸೇರಿಸಿ ನೂರು ಮಾಡಿ, ಪೊಟ್ಟಣ ಕಟ್ಟಿ ಅಂಗಡಿಯವರಿಗೆ ಕೊಡಿ. ಚಿಲ್ಲರೆ ಸಿಗದೆ ಪರದಾಡುವ ಅವರು ಇನ್ನೊಂದು ಪೊಟ್ಟಣ ಬಂದಾಗ ನಿಮ್ಮನ್ನೇ ಕರೆಯುತ್ತಾರೆ.